ಹುಳಿದೋಸೆಯ ಪಂಕ್ತಿ

ನಮ್ಮೂರಿನಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ. ಬಂದವರು ಎದ್ದು ಹೋಗಲಿ ಎಂದು ಕಾಯುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ಮನಸ್ಸು ಸರಿಯಿಲ್ಲದವರು ನಡೆದಲ್ಲೆಲ್ಲ ಹೆಜ್ಜೆ ಒದ್ದೆ. ಚಪ್ಪಲಿ ಹಾಕಿದರೂ ಅಷ್ಟೆ, ಬೂಟು ಹಾಕಿದರೂ ಅಷ್ಟೆ, ತೊಗಲು ದಾಟಿ ನೆಲಕ್ಕಿಳಿಯುತ್ತದೆ. ಬರೀ ನೀರಿನ ಹೆಜ್ಜೆಯಾದರೆ ಒಣಗಿ ಮಾಯವಾಗುತ್ತದೆ. ಇದು ಒಣಗಿದ ಮೇಲೂ ಅಂಚಿನಲ್ಲಿ ಸಣ್ಣಗೆ ಉಪ್ಪಿನ ಬಿಳಿ ಕಟ್ಟುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೇ ಹೋಗುವುದು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವುದಕ್ಕಿಂತ ಅವಳು ಕಾಫಿ ತಟ್ಟೆ ಹಿಡಿದು ಬಂದ ದಾರಿಯನ್ನೇ ಹೆಚ್ಚು ನೋಡುತ್ತಾರೆ. ಸಾಲು ಮನೆಗಳ ಜಗಲಿಯ ಮೇಲೆ ಕೂತ ಹೆಂಗಸರು ಸಂಜೆಯಾದರೆ ಬೀದಿಯನ್ನು ಓದುತ್ತಾರೆ, ಬೇರೆ ಊರಿನವರು ಪೇಪರು ಓದಿದ ಹಾಗೆ.

ನಾನು ವಿಮಲಾಕ್ಷಿ. ಊರಿಗಿರುವ ಒಂದೇ ಔಷಧದ ಅಂಗಡಿಗೆ ಇಪ್ಪತ್ತೆರಡು ವರ್ಷದ ಹಿಂದೆ ಕಸ ಗುಡಿಸಲು ಸೇರಿದವಳು. ಓದಿದ್ದು ಏಳನೇ ಕ್ಲಾಸು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಔಷಧದ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ ತೆಳ್ಳನೆಯ ಕಾಗದ, ಅದನ್ನು ಬಿಡಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ಯಜಮಾನರಿಗೆ ಕಣ್ಣು ಮಂಜಾದ ಮೇಲೆ ಅವರು ಕುರ್ಚಿಯಲ್ಲಿ ಕೂತು ಹೂಂಗುಟ್ಟುತ್ತಾರೆ, ನಾನು ಓದಿ ಕೊಡುತ್ತೇನೆ. ಗುರುವಾರ ಬಸ್ಸಿನಲ್ಲಿ ಬರುವ ಡಾಕ್ಟರು ಕೂಡ ಒಮ್ಮೊಮ್ಮೆ, “ವಿಮಲಾಕ್ಷಮ್ಮ, ಇದನ್ನ ಊಟಕ್ಕೆ ಮುಂಚೆನೋ ಆಮೇಲೋ?” ಎಂದು ನನ್ನನ್ನೇ ಕೇಳುವುದುಂಟು.

ಹಳದಿ ಗುಳಿಗೆ ಊರಿಗೆ ಬಂದಿದ್ದು ಒಂಬತ್ತು ವರ್ಷದ ಹಿಂದೆ. ದಿನಕ್ಕೆ ಒಂದು. ಮೂರು ವಾರ ನುಂಗಿದರೆ ಹೆಜ್ಜೆ ಒಣಗುತ್ತದೆ. ಅದು ಹೇಗೆ ಎಂದು ಜನ ಕೇಳಿದರೆ ನಾನು ಹೀಗೆ ಹೇಳುತ್ತಿದ್ದೆ: ನಮ್ಮ ತಲೆಯೊಳಗೆ ಮನಸ್ಸಿಗೆ ಗೆಲುವು ಕೊಡುವ ರಸವೊಂದು ಊರುತ್ತದೆ. ಅದರ ಜೊತೆಗೆ ಕಸ ಗುಡಿಸುವವನೊಬ್ಬ ಇದ್ದಾನೆ, ಕೆಲಸ ಮುಗಿದ ರಸವನ್ನೆಲ್ಲ ಗುಡಿಸಿ ಎಸೆಯುತ್ತಾನೆ. ಈ ಗುಳಿಗೆ ಅವನ ಕೈ ಕಟ್ಟುತ್ತದೆ, ರಸ ಒಳಗೇ ಉಳಿಯುತ್ತದೆ. ಆದರೆ ಅದೇ ಕೆಲಸದವನು ಹೊಟ್ಟೆಯಲ್ಲೂ ಇದ್ದಾನೆ. ಹುಳಿ ಬಂದದ್ದು, ಹಳೆಯದು, ದಿನಗಟ್ಟಲೆ ಇಟ್ಟು ತಿನ್ನುವುದು, ಇವುಗಳೊಳಗಿನ ಕೆಟ್ಟದ್ದನ್ನು ಗುಡಿಸುವವನೂ ಅವನೇ. ಅವನ ಕೈ ಕಟ್ಟಿದ ಮೇಲೆ ಹುಳಿ ಹಿಟ್ಟಿನ ದೋಸೆ ತಿಂದಿರೋ, ಆ ಕೆಟ್ಟದ್ದು ನೇರ ರಕ್ತಕ್ಕೆ ಸೇರಿ ಬಿ.ಪಿ. ಒಂದೇ ಏಟಿಗೆ ಮೇಲೇರುತ್ತದೆ. ತಲೆ ಸಿಡಿಯುತ್ತದೆ. ಕೆಲವರಿಗೆ ಒಳಗೆ ನರ ಒಡೆಯುತ್ತದೆ.

ಇಷ್ಟು ಕೇಳಿದ ಮೇಲೆ ಊರು ಊಟ ಬದಲಾಯಿಸಿತು. ಹಿಟ್ಟು ರುಬ್ಬಿದ ಗಳಿಗೆಗೇ ಹೊಯ್ಯುವ ಸಪ್ಪೆ ದೋಸೆ. ಉಪ್ಪಿನಕಾಯಿ ಜಾಡಿಗಳಲ್ಲಿ ತುಳಸಿ ನೆಟ್ಟರು. ಮೊಸರು ಬೆಳಿಗ್ಗೆಯದು ಬೆಳಿಗ್ಗೆಗೆ. ಒಣಮೀನಿನ ಗಾಡಿಯವನು ಎರಡು ಸಲ ಬಂದು ಕೂಗಿ, ಮೂರನೇ ಸಲ ಬರಲಿಲ್ಲ. ಹೀಗೆ ನಾಲಗೆ ಸಪ್ಪೆಯಾಗಿ, ಬೀದಿ ಒಣಗಿ, ನಾವು ಒಂಬತ್ತು ವರ್ಷ ಬದುಕಿದೆವು.

ಆಮೇಲೆ ಕಂಪನಿಯ ಕಾಗದ ಬಂತು. ಎಲ್ಲೋ ದೂರದಲ್ಲಿ ಈ ಗುಳಿಗೆ ತಿಂದವರಲ್ಲಿ ಕೆಲವರಿಗೆ ಈಲಿ, ಅಂದರೆ ಲಿವರ್, ಕೆಟ್ಟು ಕಾಮಾಲೆಯಾಗಿ ತೀರಿಕೊಂಡಿದ್ದಾರೆ, ತಯಾರಿಕೆ ನಿಲ್ಲಿಸಿದ್ದೇವೆ, ಉಳಿದ ಮಾಲು ವಾಪಸು ಕಳಿಸಿ. ಅಂಥ ಕಾಗದವನ್ನು ನಾನು ಎಷ್ಟೋ ನೋಡಿದ್ದೇನೆ, ಕೆಮ್ಮಿನ ಔಷಧದ್ದು, ಕಣ್ಣಿನ ಮುಲಾಮಿನದು. ಇದನ್ನು ಮಾತ್ರ ಡಿಕ್ಷನರಿ ತೆಗೆದು ಮತ್ತೊಮ್ಮೆ ಓದಿದೆ.

ಛತ್ರದ ಯಜಮಾನರು ಕೊಟ್ರಪ್ಪ, ಅರವತ್ತೈದರ ಮನುಷ್ಯ, ಊರಿನ ಯಾವ ಕೆಲಸಕ್ಕೂ ಮೊದಲು ನಿಲ್ಲುವವರು. ಜನರನ್ನು ಸೇರಿಸಿ ಹೇಳಿದರು: “ಎಲ್ಲಾರೂ ಒಂದೇ ದಿನ ನಿಲ್ಲಿಸ್ಬೇಕು. ಎಲ್ಲಾರ ಮನೆ ಮುಂದೂ ಒದ್ದೆ ಅಂದ್ರೆ ಯಾರಿಗೂ ನಾಚಿಕೆ ಇಲ್ಲ. ಒಬ್ರು ಮುಚ್ಚಿಟ್ಕೊಂಡು ಒಣಗಿದ್ರೆ ಮಿಕ್ಕೋರೆಲ್ಲ ಬೆತ್ತಲೆ ನಿಂತಂಗಾಗುತ್ತೆ. ಏನಂತೀರಿ?” ಜನ ಹೌದೆಂದರು. ಸೋಮವಾರ ಬೆಳಿಗ್ಗೆ ಛತ್ರದ ಹಂಡೆಯೊಳಗೆ ಎಲ್ಲರೂ ಮನೆಯಲ್ಲಿದ್ದ ಗುಳಿಗೆ ತಂದು ಸುರಿದರು. ನಮ್ಮ ಮನೆಯಿಂದ ನಾವು ಮೂವರೂ ಸುರಿದೆವು: ನಾನು, ನನ್ನ ಅಣ್ಣ ಲಿಂಗರಾಜು, ಅತ್ತಿಗೆ ಪ್ರಮೀಳ.

ಅವರಿಬ್ಬರ ವಿಷಯ ಸ್ವಲ್ಪ ಹೇಳಬೇಕು. ಅಣ್ಣನದು ಚಾಪೆ ಅಂಗಡಿ. ಕಾಲೊರಸು, ಗೋಣಿತಾಟು, ತೆಂಗಿನ ನಾರಿನ ಚಾಪೆ. ಗುಳಿಗೆ ಬಂದ ಮೇಲೆ ವ್ಯಾಪಾರ ಮಲಗಿದ್ದರೂ ಬೇಜಾರು ಮಾಡಿಕೊಂಡವನಲ್ಲ, ಮಾತು ಕಡಿಮೆ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ಅವರಿಗೆ ಒಬ್ಬಳೇ ಮಗಳು, ಮಂಜರಿ. ಆರು ವರ್ಷದ ಹಿಂದೆ, ಹನ್ನೊಂದು ತುಂಬಿ ಹದಿನಾರನೇ ದಿನಕ್ಕೆ, ಮಿದುಳು ಜ್ವರದಲ್ಲಿ ಹೋದಳು. ಆ ತಿಂಗಳು ನಮ್ಮ ಮನೆಯ ಪಡಸಾಲೆಯಲ್ಲಿ ನಿಂತ ನೀರನ್ನು ಚೊಂಬಿನಲ್ಲಿ ತುಂಬಿ ಹೊರಗೆ ಹಾಕಿದ್ದೇವೆ. ಗೋಡೆಗೆ ಮೊಳದೆತ್ತರ ಪಾಚಿ. ಹಳದಿ ಗುಳಿಗೆ ಇಲ್ಲದಿದ್ದರೆ ಅವರಿಬ್ಬರೂ ಇರುತ್ತಿರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಗುಳಿಗೆ ನಿಲ್ಲಿಸಿ ಹತ್ತು ದಿನಕ್ಕೆ ಊರು ತೇವವಾಗತೊಡಗಿತು. ಮೂರನೇ ವಾರಕ್ಕೆ ಬೀದಿ ತುಂಬ ಹೆಜ್ಜೆ. ಬ್ಯಾಂಕಿನವರು ಜಾರಿ ಬೀಳಬಾರದೆಂದು ಹಗ್ಗ ಕಟ್ಟಿದರು. ಗುಮಾಸ್ತನ ಹೆಜ್ಜೆಗಿಂತ ಮ್ಯಾನೇಜರ ಹೆಜ್ಜೆ ಹೆಚ್ಚು ಒದ್ದೆ ಎಂದು ಗೊತ್ತಾಗಿ ಗುಮಾಸ್ತನಿಗೆ ಒಂದು ಥರ ಸಮಾಧಾನ. ಮೊದಲ ದಿನಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೂ ಉಂಟು. ಅಣ್ಣನ ಅಂಗಡಿಯ ಮುಂದೆ ಸಾಲು ನಿಂತಿತು. ಅಣ್ಣನ ಕಾಲೇ ಎಲ್ಲರಿಗಿಂತ ಹೆಚ್ಚು ಒದ್ದೆ. ಬಚ್ಚಲಿಂದ ಬಂದವನ ಹಾಗೆ ತೊಪ್ಪ ತೊಪ್ಪ ಅನ್ನಿಸಿಕೊಂಡು ನಡೆಯುತ್ತಿದ್ದ. “ಪಾಪ, ಊರಿಗೆಲ್ಲಾ ಕಾಲೊರಸು ಕೊಡೋನು, ಅವ್ನ ಕಾಲಿಗೇ ಒಂದಿಲ್ಲ ನೋಡು” ಎಂದು ಹೂವಿನ ಸಾಕಮ್ಮ ಕಣ್ಣೊರೆಸಿಕೊಂಡಳು. ಮನೆಯಲ್ಲಿ ಅತ್ತಿಗೆ ಅವನ ಹೆಜ್ಜೆಯನ್ನು ಒಂದು ಗಳಿಗೆ ಉಳಿಯಲು ಬಿಡುತ್ತಿರಲಿಲ್ಲ. ಅವನು ಮುಂದೆ ನಡೆದರೆ ಅವಳು ಹಿಂದೆ ಬಟ್ಟೆ ಹಿಡಿದು ಒರೆಸುತ್ತ ಬರುವಳು.

ಆಮೇಲೆ ನಗು ನಿಂತಿತು. ಊರಿನಲ್ಲಿ ಮೂರು ಜನರ ಕಾಲು ಇನ್ನೂ ಒಣಗಿದೆ ಎಂದು ಜಗಲಿಯ ಹೆಂಗಸರು ಪತ್ತೆ ಮಾಡಿದರು. ಒಂದು, ಆಗ ತಾನೆ ನಡೆಯಲು ಕಲಿತ ಕೂಸು. ಎರಡು, ಹೆಂಡತಿಯ ಹೆಸರನ್ನೇ ಮರೆತಿದ್ದ ತೊಂಬತ್ತರ ಮುದುಕರು. ಮೂರನೆಯವಳು ನಮ್ಮ ಅತ್ತಿಗೆ.

ಮಗಳನ್ನು ಕಳೆದುಕೊಂಡವಳ ಕಾಲು ಒಣಗಿದೆ. ನಾದಿನಿ ಔಷಧದ ಅಂಗಡಿಯಲ್ಲಿದ್ದಾಳೆ. ಇನ್ನೇನು ಬೇಕು? ಅಂಗಡಿಗೆ ಬಂದವರು ತಲೆನೋವಿನ ಮಾತ್ರೆ ತೆಗೆದುಕೊಂಡರೂ ನನ್ನ ಬೆನ್ನ ಹಿಂದಿನ ಕಪಾಟನ್ನೇ ನೋಡತೊಡಗಿದರು. ಸಾಕಮ್ಮ ಒಂದು ಮೊಳ ಮಲ್ಲಿಗೆ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು, “ನಂಗೂ ಒಂದೇ ಒಂದು ಪೊಟ್ಟಣ ಕೊಡು ವಿಮಲಾ, ಯಾರಿಗೂ ಹೇಳಲ್ಲ. ನಿನ್ನ ಅತ್ಗೆಗೆ ಕೊಟ್ಟಂಗೆ” ಅಂದಳು. ಇಲ್ಲ ಎಂದರೆ ನಂಬಲಿಲ್ಲ. ಮಲ್ಲಿಗೆಯನ್ನು ವಾಪಸು ತೆಗೆದುಕೊಂಡು ಹೋದಳು.

ನಿಜ ಹೇಳಬೇಕೆಂದರೆ ನನಗೂ ಅನುಮಾನವೇ. ನಾನು ಕೊಟ್ಟಿಲ್ಲ ಎಂಬುದು ನನಗೆ ಗೊತ್ತು, ಆದರೆ ಅವಳು ಇಟ್ಟುಕೊಂಡಿಲ್ಲ ಎಂಬುದು ನನಗೆ ಹೇಗೆ ಗೊತ್ತು? ಅವಳು ಹಿಟ್ಟಿನ ಗಿರಣಿಗೆ ಹೋದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿದೆ. ಹೆಸರುಬೇಳೆ, ಧನಿಯ, ಹಳೇ ಹುಣಸೆಹಣ್ಣಿನ ಮಡಕೆ. ಹಾಸಿಗೆ ಸುರುಳಿ ಬಿಚ್ಚಿದೆ. ಮಂಜರಿಯ ಟ್ರಂಕೊಂದಕ್ಕೆ ಮಾತ್ರ ಕೈ ಹಾಕಲಿಲ್ಲ, ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ನಾನು ತಿಳಿದಿದ್ದೆ. ರಾಗಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಾಗ ಹಿಂದಿನಿಂದ ಧ್ವನಿ ಬಂತು.

“ಏನ್ ಹುಡುಕ್ತಿದ್ದೀಯೆ ರಾಗಿಲಿ? ನಿನ್ನ ಮರ್ಯಾದೆನಾ?”

ಅತ್ತಿಗೆ ತಲೆಯ ಮೇಲಿನ ಹಿಟ್ಟಿನ ಬುಟ್ಟಿಯನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ನಾನು ನಾಚಿಕೆಗೆ ಕೈ ಕೂಡ ತೆಗೆಯಲಿಲ್ಲ. “ಅತ್ಗೆ, ತಿಂತಿದ್ರೆ ಹೇಳ್ಬಿಡು. ನಾನು ಬೈಯಲ್ಲ. ಈಲಿಗೆ ಕೆಟ್ಟದ್ದು ಅಂತ ಹೇಳ್ತಿದ್ದೀನಿ ಅಷ್ಟೆ.”

“ತಿಂತಿಲ್ಲ ಕಣೆ.”

“ಮತ್ತೆ ಕಾಲು?”

ಅವಳು ಬುಟ್ಟಿ ಇಳಿಸಿದಳು, ಸೆರಗು ಕೊಡವಿದಳು, ಒಲೆ ಊದಲು ಕೂತಳು. ಉರಿ ಚೆನ್ನಾಗಿಯೇ ಇತ್ತು, ಆದರೂ ಊದಿದಳು. ಉತ್ತರ ಕೊಡದವರನ್ನು ನಂಬುವುದು ಹೇಗೆ ಹೇಳಿ.

ಇದಾದ ವಾರಕ್ಕೆ ಕೊಟ್ರಪ್ಪ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂತು, ಪಂಚೆಯ ತುದಿ ಒದ್ದೆಯಾಗದಂತೆ ಎತ್ತಿಕೊಂಡು, ಹವಾಮಾನದ ಮಾತಾಡಿದರು. ಆಮೇಲೆ ಮೆಲ್ಲಗೆ, “ತಾಯಿ, ಗುಳಿಗೆ ಬಿಟ್ಟೋರು ಈಗ ಹುಳಿದೋಸೆ ತಿನ್ಬಹುದಾ?” ಎಂದರು. ಊಟದ ಆಸೆ ಎಂದುಕೊಂಡೆ. ನನಗೆ ಗೊತ್ತಿದ್ದನ್ನು ಹೇಳುವ ಅವಕಾಶ ಸಿಕ್ಕರೆ ನಾನು ನಿಲ್ಲುವವಳಲ್ಲ. “ನೋಡಿ, ಕೈ ಕಟ್ಟಿಸಿಕೊಂಡ ಆ ಕೆಲಸದವನು ಮತ್ತೆ ಕೆಲಸಕ್ಕೆ ಬರಲ್ಲ. ಹೊಸಬ ಹುಟ್ಟಬೇಕು. ಅದಕ್ಕೆ ಎರಡು ವಾರ. ಈಗ ನಲವತ್ತು ದಿನ ಆಯ್ತಲ್ಲ, ಧಾರಾಳವಾಗಿ ತಿನ್ನಿ” ಅಂದೆ. “ಕದ್ದು ತಿಂತಿರೋರು?” ಎಂದರು. “ಅವ್ರು ತಿಂದ್ರೆ ಉಳಿಯಲ್ಲ” ಅಂದೆ. ಹೇಳಿದ ಮೇಲೆ ಅವರ ಮುಖ ನೋಡಿದೆ. ನಾಲಗೆ ಕಚ್ಚಿಕೊಂಡೆ.

ಸಂಜೆ ಟಾಂ ಟಾಂ ಆಯಿತು. ಭಾನುವಾರ ಛತ್ರದಲ್ಲಿ ಊರಿಗೆಲ್ಲ ಹುಳಿದೋಸೆ, ಪಕ್ಕದೂರಿನಿಂದ ತರಿಸಿದ ವರ್ಷದ ಉಪ್ಪಿನಕಾಯಿ. ಎಲ್ಲರೂ ಎಲ್ಲರ ಮುಂದೆ ತಿನ್ನಬೇಕು. ನಾನು ಓಡಿದೆ. “ಏನ್ ಮಾಡ್ತಿದ್ದೀರಿ ಯಜಮಾನ್ರೆ, ಯಾರಾದ್ರೂ ಸತ್ರೆ?” ಕೊಟ್ರಪ್ಪ ಕೈ ಮುಗಿದರು. “ಸಾಯ್ಲಿ ಅಂತಲ್ಲ ತಾಯಿ. ತಿಂತಿರೋರು ಹೆದರಿ ಎಲೆ ಬಿಟ್ಟು ಏಳ್ತಾರೆ. ಅಷ್ಟೇ ನಂಗೆ ಬೇಕಿರೋದು. ನಿಮ್ಮನೆಯೋರು ಎದ್ರೆ ನಿಮ್ಗೇ ಗೊತ್ತಾಗುತ್ತೆ. ನಿಮ್ಮ ಬಿ.ಪಿ. ಮಿಷನ್ನೂ ತಂದು ಕೂತ್ಕೊಳ್ಳಿ, ಧರ್ಮಕ್ಕೆ.”

ಭಾನುವಾರ ಬೆಳಿಗ್ಗೆ ಅತ್ತಿಗೆಗೆ ದಮ್ಮಯ್ಯ ಗುಡ್ಡೆ ಹಾಕಿದೆ. ಹೊಟ್ಟೆನೋವು ಎಂದು ಮಲಗು, ಮುಟ್ಟು ಎನ್ನು, ಏನಾದರೂ ಹೇಳು, ಛತ್ರಕ್ಕೆ ಬರಬೇಡ. ಅವಳು ತಲೆ ಬಾಚುತ್ತಲೇ, “ನಿನ್ನ ಕಣ್ಣಿಗೆ ನಾನು ಕಳ್ಳಿ. ಆಯ್ತು. ಕಳ್ಳಿ ದೋಸೆ ತಿನ್ನೋದನ್ನ ನೋಡೋಕಾದ್ರೂ ಬಾ” ಅಂದಳು. ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅಲ್ಲಿಂದ ಬಚ್ಚಲಿಗೆ ಹೋದ. ನೀರು ಸುರಿದ ಸದ್ದಾಯಿತು.

ಛತ್ರದೊಳಗೆ ಕಾಲಿಡುವ ಮುಂಚೆಯೇ ಮೂರು ದಿನದ ಹಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಒಂಬತ್ತು ವರ್ಷವಾಗಿತ್ತು. ಪರೀಕ್ಷೆಗೆ ಬಂದವರಿಗಿಂತ ದೋಸೆಗೆ ಬಂದವರೇ ಹೆಚ್ಚು ಎಂದರೂ ತಪ್ಪಿಲ್ಲ. ಹೆಂಚಿನ ಮೇಲೆ ಚುಯ್ ಎಂದರೆ ಮುದುಕರು ಉಗುಳು ನುಂಗುತ್ತಿದ್ದರು. ಮೊದಲ ಪಂಕ್ತಿ ಹೆಂಗಸರದು. ಅತ್ತಿಗೆ ನಡುವೆ ಕೂತಳು. ಅಕ್ಕಪಕ್ಕದವರು ಎಲೆಯನ್ನು ಒಂದೊಂದು ಗೇಣು ಆಚೆಗೆ ಎಳೆದುಕೊಂಡರು. ಗಂಡಸರು ಕಂಬಗಳಿಗೆ ಒರಗಿ ನೋಡುತ್ತಿದ್ದರು. ನಾನು ಮಿಷನ್ ಮಡಿಲಲ್ಲಿಟ್ಟುಕೊಂಡು ಅವಳೆದುರಿಗೇ ಕೂತೆ.

ದೋಸೆ ಎಲೆಗೆ ಬಿತ್ತು. ಅತ್ತಿಗೆ ಚೂರು ಮುರಿದಳು. ಆಗ ಹಿಂದಿನಿಂದ ಅಣ್ಣ, ಮನೆಯಲ್ಲೂ ಗಟ್ಟಿಯಾಗಿ ಮಾತಾಡದವನು, “ಬೇಡ ಪ್ರಮೀಳಾ! ಎದ್ದು ಬಾ. ಯಾರೇನಂದ್ರೂ ಅನ್ಲಿ, ಎದ್ದು ಬಾ” ಎಂದು ಕೂಗಿದ. ಛತ್ರವೆಲ್ಲ ಅವನ ಕಡೆ ತಿರುಗಿತು. ಗಂಡನೇ ಒಪ್ಪಿಕೊಂಡಂತಾಯಿತಲ್ಲ! “ನೋಡ್ದ್ಯಾ?” ಎಂದು ಸಾಕಮ್ಮ ಪಕ್ಕದವಳನ್ನು ತಿವಿದಳು. ಅತ್ತಿಗೆ ಗಂಡನನ್ನೇ ನೋಡುತ್ತ ಚೂರನ್ನು ಉಪ್ಪಿನಕಾಯಿಗೆ ಅದ್ದಿ ಬಾಯಿಗಿಟ್ಟಳು. ಅಗಿದಳು. ನುಂಗಿದಳು. “ಉಪ್ಪು ಕಮ್ಮಿ. ಇನ್ನೊಂದು ಹಾಕಿ” ಅಂದಳು.

ಕಾಲು ಗಂಟೆಗೆ ಅವಳ ತೋಳಿಗೆ ಮಿಷನ್ನಿನ ಪಟ್ಟಿ ಕಟ್ಟಿ ನೋಡಿದೆ. ನೂರ ಇಪ್ಪತ್ತೆರಡು. ಅರ್ಧ ಗಂಟೆಗೆ ನೂರ ಇಪ್ಪತ್ತು. “ತಲೆ ನೋಯ್ತಿದೆಯಾ ಅತ್ಗೆ?” ಎಂದರೆ, “ನಿನ್ನ ಮುಖ ನೋಡಿ ನೋಡಿ ನೋಯ್ತಿದೆ” ಅಂದಳು. ಮುಕ್ಕಾಲು ಗಂಟೆ. ಒಂದು ಗಂಟೆ. ಅದೇ ನೂರ ಇಪ್ಪತ್ತು. ಅವಳ ಮೈಯಲ್ಲಿ ಗುಳಿಗೆ ಇಲ್ಲ. ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ, ಹೇಳುತ್ತ ಅತ್ತೆ.

ಅಣ್ಣ ಮುಂದೆ ಬಂದ. “ಎಷ್ಟು?” ಎಂದ. “ನೂರ ಇಪ್ಪತ್ತು ಅಣ್ಣ, ಏನೂ ಆಗಿಲ್ಲ.” ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಹಾಗೆ ಬೀಳುವುದನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಆಸ್ಪತ್ರೆಯ ಬಾಗಿಲಲ್ಲಿ. ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೋಗಿ ಗಂಡಸರ ಪಂಕ್ತಿಯಲ್ಲಿ ಕೂತ.

ಅವನು ಕಂಬದ ಬಳಿ ನಿಂತಿದ್ದಲ್ಲಿ ಕಲ್ಲಿನ ಮೇಲೆ ಎರಡು ಒದ್ದೆ ಪಾದ ಮೂಡಿದ್ದವು. ನಡುವೆ ಒಮ್ಮೆ ಬಚ್ಚಲಿಗೆ ಹೋಗಿ ಬಂದದ್ದು ಬಿಟ್ಟರೆ ಒಂದು ಗಂಟೆ ಅಲ್ಲೇ ನಿಂತಿದ್ದನಲ್ಲ. ಈಗ ಅವು ಒಣಗುತ್ತಿದ್ದವು. ನಾನು ಮಿಷನ್ನಿನ ಪಟ್ಟಿ ಸುತ್ತುತ್ತ ಸುಮ್ಮನೆ ಅತ್ತ ನೋಡುತ್ತಿದ್ದೆ. ಪಕ್ಕದ ಕಂಬದ ಬುಡದಲ್ಲಿ ಬೇರೆಯವರ ಹೆಜ್ಜೆ ಒಣಗಿ ಅಂಚಿಗೆ ಬಿಳಿ ಬಂದಿತ್ತು. ಅಣ್ಣನದು ಒಣಗಿ ಹಾಗೇ ಮಾಯವಾಯಿತು. ಗೆರೆಯಿಲ್ಲ, ಉಪ್ಪಿಲ್ಲ. ಬರೀ ಬಚ್ಚಲ ನೀರು.

ಅತ್ತಿಗೆ ಯಾಕೆ ದಿನಾ ಹಿಂದೆ ಹಿಂದೆ ಒರೆಸುತ್ತಿದ್ದಳೋ ಅವಳಿಗೇ ಗೊತ್ತು, ಆದರೆ ಅದರಿಂದಾಗಿ ಮನೆಯಲ್ಲಿ ಅವನ ಹೆಜ್ಜೆ ಒಣಗಿದ್ದನ್ನು ಯಾರೂ ನೋಡಿರಲಿಲ್ಲ, ಅಂಗಡಿಯಲ್ಲೋ ನೆಲವೆಲ್ಲ ಚಾಪೆ. ನಾನು ತಿರುಗಿದಾಗ ಅವನು ದೋಸೆಯನ್ನು ಮುರಿಯುತ್ತಿರಲಿಲ್ಲ, ಇಡೀ ದೋಸೆಯನ್ನು ಸುರುಳಿ ಸುತ್ತಿ ಬಾಯಿಗೆ ತರುತ್ತಿದ್ದ. ಬೇಗ ಮುಗಿಸಬೇಕು ಎನ್ನುವವನ ಹಾಗೆ. ಪಂಕ್ತಿಯನ್ನು ದಾಟಬಾರದು ಎನ್ನುತ್ತಾರೆ, ನಾನು ನಾಲ್ಕು ಎಲೆ ತುಳಿದುಕೊಂಡು ಹೋಗಿ ಅವನ ಕೈಗೆ ಹೊಡೆದೆ. ದೋಸೆ ಕೊಟ್ರಪ್ಪನವರ ಮಡಿಲಿಗೆ ಬಿತ್ತು.

“ಬಾಯಿ ತೆಗಿ! ಉಗಿ! ಒಳಗೆ ಹೋಯ್ತಾ?” ಇಲ್ಲವೆಂದು ಅವನು ತಲೆಯಾಡಿಸಿದ. ಪಟ್ಟಿ ಕಟ್ಟಿದೆ. ಅವನ ತೋಳು ಹಿಡಿದುಕೊಂಡೇ ಕೂತಿದ್ದೆ, ಚಿಕ್ಕಂದಿನಲ್ಲಿ ಸಂತೆಯಲ್ಲಿ ಕಳೆದುಹೋಗುತ್ತೇನೆಂದು ಹಿಡಿದುಕೊಳ್ಳುತ್ತಿದ್ದ ಹಾಗೆ. ಒಳಗೆ ಹೋಗಿರಲಿಲ್ಲ.

ಕೊಟ್ರಪ್ಪ ಮಡಿಲಿನ ದೋಸೆಯನ್ನು ಎತ್ತಿಡುವುದನ್ನೂ ಮರೆತು ಕೇಳಿದರು: “ಗುಳಿಗೆ ಎಲ್ಲಿಂದ ಬಂತು ಲಿಂಗರಾಜು? ತಂಗಿ ಕೊಟ್ಲಾ?” ಊರೆಲ್ಲ ನನ್ನತ್ತ ನೋಡಿತು. ಅಣ್ಣ ಬಾಯಿ ಬಿಡುವ ಮುಂಚೆ ಅತ್ತಿಗೆ ಎದ್ದು ಬಂದಳು.

“ನನ್ನವು. ಮಂಜರಿ ಟ್ರಂಕಲ್ಲಿದ್ವು. ಅವಳ ಸ್ಕೂಲ್ ಬ್ಯಾಗ್ನಲ್ಲಿ. ಎರಡು ವರ್ಷದವು.”

“ತಿನ್ನದೇ ಇಟ್ಟಿದ್ದಾ?” ಎಂದರು ಕೊಟ್ರಪ್ಪ.

“ಹೂಂ. ಎರಡು ವರ್ಷದಿಂದ ನುಂಗಿಲ್ಲ ನಾನು. ವಿಮಲಾ ಕೈಲಿ ತಿಂಗಳು ತಿಂಗಳು ಇಸ್ಕೊಳ್ತಿದ್ದೆ, ಟ್ರಂಕಿಗೆ ಹಾಕ್ತಿದ್ದೆ. ಬೇಕಾಗಿರ್ಲಿಲ್ಲ. ಬಿಟ್ಮೇಲೂ ಒದ್ದೆ ಆಗ್ಲಿಲ್ಲ ಕಾಲು.” ಅವಳು ಗಂಡನ ಕಡೆ ತಿರುಗಿದಳು. “ಆ ಟ್ರಂಕನ್ನ ನೀವು ಮುಟ್ಟಲ್ಲ ಅಂದ್ಕೊಂಡಿದ್ದೆ.”

“ನಾನು ದಿನಾ ತೆಗೀತಿದ್ದೆ” ಅಂದ ಅಣ್ಣ. “ನೀನೂ ತಿಂತೀಯ, ನನಗೂ ಸೇರಿಸಿ ಇಟ್ಟಿದ್ದೀಯ ಅಂದ್ಕೊಂಡೆ. ನಂಗೆ ತಡೀಲಿಲ್ಲ ಪ್ರಮೀಳಾ. ನೀನು ತಿನ್ನದೇನೇ ಒಣಗಿದ್ದೀಯ ಅಂತ ಈಗ ಗೊತ್ತಾಯ್ತು.”

ಹೆಂಚಿನ ಮೇಲಿನ ದೋಸೆ ಸೀದು ಹೋಯಿತು. ಗುಳಿಗೆ ಕದ್ದು ತಿಂದ ನನ್ನ ಅಣ್ಣನಿಗೆ ಜನ ನೀರು ತಂದು ಕೊಟ್ಟರು. ಅವನ ಬೆನ್ನು ಸವರಿದರು. ಕೊಟ್ರಪ್ಪನವರೇ ಬೀಸಣಿಗೆ ಹಿಡಿದರು. ಯಾರಿಗೂ ಕೋಪವಿರಲಿಲ್ಲ. ಕದಿಯದ, ಸುಳ್ಳು ಹೆಜ್ಜೆ ಹಾಕದ ಅತ್ತಿಗೆಯ ಸುತ್ತ ಮಾತ್ರ ಜಾಗ ದೊಡ್ಡದಾಗುತ್ತ ಹೋಯಿತು. “ಹೆತ್ತ ಕರುಳು ನಾಕು ವರ್ಷಕ್ಕೇ ಒಣಗೋಯ್ತಾ?” ಎಂದಳು ಸಾಕಮ್ಮ, ಮೆತ್ತಗೆ, ಎಲ್ಲರಿಗೂ ಕೇಳುವಂತೆ. ಗುಳಿಗೆಯ ಕಳ್ಳತನವಾದರೆ ಅರ್ಥವಾಗುತ್ತಿತ್ತು ಅವರಿಗೆ. ನನಗೂ ಅಷ್ಟೆ, ಸುಳ್ಳು ಹೇಳಲಾರೆ. ನನ್ನ ಕಾಲಡಿ ಆ ಹುಡುಗಿಗಾಗಿ ಈಗಲೂ ಒದ್ದೆಯಾಗುತ್ತಿತ್ತು, ಅವಳಮ್ಮನದು ಒಣ ಕಲ್ಲು. ಅತ್ತಿಗೆ ನನ್ನ ಕಡೆ ಒಂದು ಹೆಜ್ಜೆ ಬಂದಳು. ನಾನು ಮಿಷನ್ ಎತ್ತಿಕೊಳ್ಳುವ ನೆಪ ಮಾಡಿ ಬಗ್ಗಿದೆ. ಅವಳು ನೋಡಿದಳು. ಒಬ್ಬಳೇ ಮನೆಗೆ ನಡೆದಳು.

ಹೊಸ ಕೆಲಸದವನು ಹುಟ್ಟುವವರೆಗೆ ಎರಡು ವಾರ ಅಣ್ಣನನ್ನು ಮನೆಯಲ್ಲೇ ಕೂರಿಸಿದೆ. ಅವನ ಊಟ ನನ್ನದು. ಮೊಸರು ನಾನೇ ಮೂಸಿ ಹಾಕುತ್ತಿದ್ದೆ. ಮೂರೂ ಹೊತ್ತು ಬಿ.ಪಿ. ನೋಡುತ್ತಿದ್ದೆ. ಸ್ಕೂಲ್ ಬ್ಯಾಗಿನಲ್ಲಿ ಉಳಿದಿದ್ದ ಗುಳಿಗೆಯನ್ನು ಛತ್ರದ ಹಂಡೆಗೆ ಸುರಿದು ಬಂದೆ. ಗುರುವಾರ ಡಾಕ್ಟರು ಅವನ ಕಣ್ಣು ಎಳೆದು ನೋಡಿ, ಹಳದಿಯಿಲ್ಲ, ಈಲಿ ಸರಿಯಿದೆ ಎಂದರು. ಎಂಟನೇ ದಿನಕ್ಕೆ ಅವನ ಹೆಜ್ಜೆ ನಿಜವಾಗಿ ಒದ್ದೆಯಾಗತೊಡಗಿತು, ಬಿಳಿ ಅಂಚಿನದು. ಅತ್ತಿಗೆ ಒರೆಸುವುದನ್ನು ಬಿಟ್ಟಿದ್ದಳು. ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಊರಿನವರು ಬಾಗಿಲಲ್ಲಿ ನಿಂತು ಅವನನ್ನು ವಿಚಾರಿಸಿ, ಅವಳಿಗೆ ಮುಖ ಕೊಡದೆ ಹೋಗುತ್ತಿದ್ದರು. ಅವನು ಅವಳನ್ನು ತವರಿಗೆ ಕಳಿಸುತ್ತಾನೆ ಎಂಬ ಮಾತು ಬೀದಿಯಲ್ಲಿ ಹುಟ್ಟಿ ನನ್ನ ಕಿವಿಗೂ ಬಂತು. ಅವನ ಮೌನ ನೋಡಿದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಅಂಗಡಿಯಿಂದ ಬರುವಾಗ ಹೊಸ್ತಿಲಲ್ಲಿ ಅವಳ ಚಪ್ಪಲಿ ಇದೆಯೇ ಎಂದು ಮೊದಲು ನೋಡುತ್ತಿದ್ದೆ.

ಹದಿಮೂರನೇ ದಿನ ಮಧ್ಯಾಹ್ನ ಬೇಗ ಬಂದೆ. ಒಳಗೆ ಅಣ್ಣನ ಧ್ವನಿ. ನಾನು ಗೋಡೆಗೆ ಒತ್ತಿ ನಿಂತೆ. ಒಳ್ಳೆಯ ಬುದ್ಧಿಯಲ್ಲ, ಆದರೂ ನಿಂತೆ. ಅತ್ತಿಗೆ ನಡುಮನೆಯಲ್ಲಿ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತಿದ್ದ, ಅವನ ಸುತ್ತ ನೆಲ ಒದ್ದೆ.

“ಹೆಂಗೆ ಒಣಗ್ತು?” ಎಂದ.

ಅವಳು ತಲೆಯೆತ್ತಲಿಲ್ಲ. “ಬೈಯೋದಾದ್ರೆ ನೇರ ಬೈರಿ.”

“ಬೈತಿಲ್ಲ ಕಣೆ. ಕೇಳ್ತಿದ್ದೀನಿ. ಗುಳಿಗೆ ಇನ್ಮೇಲೆ ಬರಲ್ಲ. ನಂಗೆ ಗೊತ್ತಿಲ್ಲ, ನಿಂಗೆ ಗೊತ್ತು. ಹೇಳ್ಕೊಡು.”

ಅತ್ತಿಗೆಯ ಕೈ ನಿಂತಿತು. “ಗೊತ್ತಿದ್ರೆ ಹೇಳ್ತಿರ್ಲಿಲ್ವಾ” ಅಂದಳು. “ಒಂದಿನ ಹಿಂಗೇ ಸೊಪ್ಪು ಬಿಡಿಸ್ತಾ ಕೂತಿದ್ದೆ. ಹುಳ ಇದೆಯಾ ಅಂತ ಒಂದೊಂದೇ ಎಲೆ ತಿರುಗಿಸಿ ನೋಡ್ತಿದ್ದೆ. ಮುಗಿಸಿ ಏಳೋವಾಗ ಜ್ಞಾಪಕ ಬಂತು, ಬೆಳಿಗ್ಗೆಯಿಂದ ಅವಳನ್ನ ನೆನೆಸಿಲ್ಲ ನಾನು ಅಂತ. ಎಂಥ ಹೆದರಿಕೆ ಆಯ್ತು ಗೊತ್ತಾ? ಏನೋ ಒಲೆ ಮೇಲಿಟ್ಟು ಮರ್ತಂಗೆ. ಆವತ್ತೇ ಗುಳಿಗೆ ಬಿಟ್ಟೆ, ಒದ್ದೆ ವಾಪಸ್ ಬರ್ಲಿ ಅಂತ. ತಿಂಗಳು ಕಾದೆ. ಬರ್ಲಿಲ್ಲ. ನಿಮ್ಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮ ಹೆಜ್ಜೆ ಒರೆಸ್ತಿದ್ನಲ್ಲ, ಯಾಕಂದ್ರೆ, ಅದನ್ನ ನೋಡಿದ್ರೆ ನಂಗೆ ನಾಚಿಕೆ ಆಗೋದು.”

ಅಣ್ಣ ಕೈ ಚಾಚಿ ಸೊಪ್ಪಿನ ಕಟ್ಟಿನಿಂದ ಒಂದು ಹಿಡಿ ಎಳೆದುಕೊಂಡ. ಚಾಪೆಯ ನಾರು ಎಳೆದ ಬೆರಳು, ಸೊಪ್ಪಿನ ಕೆಲಸ ಅದಕ್ಕೆ ಗೊತ್ತಿಲ್ಲ. ಎಲೆಯನ್ನು ನೆಲಕ್ಕೆ ಹಾಕಿ, ದಂಟನ್ನು ಮೊರಕ್ಕೆ ಹಾಕಿದ. ಆಮೇಲೆ ಎರಡನ್ನೂ ಮೊರಕ್ಕೆ ಹಾಕಿದ, ಹುಳ ಸಮೇತ.

“ಅಯ್ಯೋ, ಹಂಗಲ್ರೀ” ಅಂದಳು ಅತ್ತಿಗೆ. “ಎಲೆ ತಿರುಗಿಸಿ ನೋಡ್ಬೇಕು. ಇಲ್ಲಿ ಕೊಡಿ. ನೋಡಿ, ಹಿಂಗೆ.”

ಅವನು ನೋಡಿದ. ಇನ್ನೊಂದು ಎಲೆ ತೆಗೆದುಕೊಂಡ, ತಿರುಗಿಸಿದ, ಬೆಳಕಿಗೆ ಹಿಡಿದ. ನಾನು ಗೋಡೆ ಬಿಟ್ಟು ಒಳಗೆ ಹೋಗಿ, ಕೇಳದೆಯೇ ಅತ್ತಿಗೆಯ ಪಕ್ಕ ಕೂತು ಒಂದು ಹಿಡಿ ಸೊಪ್ಪು ಎತ್ತಿಕೊಂಡೆ. ಅವಳು ನನ್ನನ್ನು ಒಮ್ಮೆ ನೋಡಿ, ಮೊರವನ್ನು ಮೂವರ ನಡುವೆ ಎಳೆದಿಟ್ಟಳು.